ಕಾಲಿಗೆ ಬೆಚ್ಚಗೆ ಬರುತ್ತಿದ್ದ ಗಾಳಿ

ಆ ವರ್ಷದ ಚಳಿಗಾಲದಲ್ಲಿ ನಮ್ಮ ಅಲ್ಲಾಳಸಂದ್ರದ ಹೂವಿನ ಹೆಂಗಸರಿಗೆ ಒಂದು ವಿಚಿತ್ರ ತಲೆನೋವು ಅಂಟಿಕೊಂಡಿತು. ಬೆಳಗಿನ ಜಾವ ಹೂವು ಕಟ್ಟಿಕೊಂಡು ಸಿಟಿ ಮಾರ್ಕೆಟ್ಟಿಗೆ ಹೋಗುವಾಗ ಹಣೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮಾರ್ಕೆಟ್ಟಿನಲ್ಲಿ ಇಳಿದು ಒಂದು ಲೋಟ ಕಾಫಿ ಕುಡಿದು ಸ್ವಲ್ಪ ಓಡಾಡಿದರೆ ಕಡಿಮೆಯಾಗುತ್ತಿತ್ತು. ಮಧ್ಯಾಹ್ನ ಬಸ್ಸಿನಲ್ಲಿ ವಾಪಸು ಬರುವಾಗ ಏನೂ ಇರುತ್ತಿರಲಿಲ್ಲ. ಆ ಕಾಫಿಯವನ ಕೈಗುಣ ಎಂದು ನಾವು ಅವನನ್ನು ಹೊಗಳಿದ್ದೇ ಹೊಗಳಿದ್ದು. ಅವನಿಗೂ ಅದು ನಿಜವೆಂದೇ ಅನಿಸಿಬಿಟ್ಟಿತ್ತು.

ನನ್ನ ಹೆಸರು ಮುನಿವೆಂಕಟಮ್ಮ. ಕಾಕಡ, ಮಲ್ಲಿಗೆ, ಕನಕಾಂಬರ ಬೆಳೆದು ಮಾರುವವಳು. ನನಗೆ ಬಾಯಿ ಸ್ವಲ್ಪ ಜಾಸ್ತಿ ಎಂದು ಊರಲ್ಲಿ ಅನ್ನುತ್ತಾರೆ. ಈ ಕಥೆ ಹೇಳಲು ನನ್ನನ್ನೇ ಹಿಡಿದು ಕೂರಿಸಿದ್ದು ಅದಕ್ಕೇ ಇರಬೇಕು.

ನಾವು ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು ನನ್ನ ತಮ್ಮ ಲಕ್ಕಣ್ಣನ ಕಾರಿನಲ್ಲಿ. ಯಲಹಂಕದಲ್ಲಿ ಬಾಡಿಗೆಗೆ ನಿಲ್ಲಿಸುವ ಹಳೆಯ ಕಾರು ಅದು. ನನ್ನ ಮಗಳು ಗಂಗರತ್ನಮ್ಮನನ್ನು ಅವನಿಗೇ ಕೊಟ್ಟಿದ್ದೆ. ಸೋದರಮಾವನಾದ್ದರಿಂದ ಅವಳು ಅವನನ್ನು ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು. ಅವರಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ನಾವು ಹರಕೆ ಹೊರದ ದೇವರಿಲ್ಲ. ಆಸೆ ಬಿಟ್ಟು ಕೂತಿದ್ದಾಗ, ಆ ವರ್ಷ ಅವಳು ಬಸುರಿಯಾದಳು. ಮನೆಯಲ್ಲಿ ಅವಳನ್ನು ನೆಲಕ್ಕೆ ಕಾಲಿಡಲು ಬಿಡುತ್ತಿರಲಿಲ್ಲ ಎಂದರೂ ತಪ್ಪಿಲ್ಲ. ಆದರೆ ಹೂವಿನ ವ್ಯಾಪಾರದಲ್ಲಿ ಅವಳ ಲೆಕ್ಕಾಚಾರವೇ ಚುರುಕು. ಕಾರಿನಲ್ಲಿ ಕೂತು ಬರುವುದು ತಾನೇ, ಬರಲಿ ಎಂದು ಬಿಟ್ಟಿದ್ದೆವು.

ಮಳೆಗಾಲದಲ್ಲಿ ಒಂದು ಎಡವಟ್ಟಾಗಿತ್ತು. ಲಕ್ಕಣ್ಣ ಕಾರನ್ನು ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸುತ್ತಿದ್ದ. ಇಲಿಗಳು ಒಳಗೆ ಸೇರಿ ವೈರುಗಳನ್ನೆಲ್ಲ ಕಡಿದು ಹಾಕಿದ್ದವು. ಯಾರೋ ಒಬ್ಬ ರಿಪೇರಿಯವನು ಬಂದು ಹೊಸ ವೈರುಗಳನ್ನು ಒಟ್ಟಿಗೆ ಕಟ್ಟಿ ಎಳೆದುಕೊಟ್ಟ. ಕಾರಿನಲ್ಲಿ ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ತಗಡಿನ ಗೋಡೆಯೊಂದು ಇರುತ್ತದೆ. ಹೊಸ ವೈರಿನ ಕಟ್ಟು ಹಳೆಯ ತೂತಿನಲ್ಲಿ ತೂರಲಿಲ್ಲ. ಅವನು ಉಳಿ ಇಟ್ಟು ಹೊಡೆದು, ದೊಡ್ಡ ನಿಂಬೆಹಣ್ಣು ತೂರುವಷ್ಟು ಅಗಲ ಮಾಡಿದ. ವೈರಿನ ಕಟ್ಟು ಹೆಬ್ಬೆರಳಿನಷ್ಟು ದಪ್ಪ. ಉಳಿದ ಸಂದನ್ನು ಹಾಗೇ ಬಿಟ್ಟು ಹೋದ.

ಚಳಿ ಬಂದಾಗ ಆ ತೂತು ನಮಗೆ ವರವಾಗಿ ಕಂಡಿತು. ಇಂಜಿನ್ನಿನ ಕಾವು ಅಲ್ಲಿಂದ ಒಳಗೆ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಎಡಗಡೆ ಕೂತವರ ಕಾಲಿಗೆ ಬೆಚ್ಚಗಿರುತ್ತಿತ್ತು.

"ಗಂಗಾ, ನೀನು ಇಲ್ಲೇ ಕೂತ್ಕ," ಎಂದು ಲಕ್ಕಣ್ಣ ಹೆಂಡತಿಯನ್ನು ಅಲ್ಲಿ ಕೂರಿಸಿದ. "ಬಸುರಿ ಎಂಗ್ಸು, ಕಾಲು ತಣ್ಣಗಾಗ್ಬಾರ್ದು."

"ಚೆನ್ನಾಗೈತೆ ಮಾವ. ಒಲೆ ಮುಂದೆ ಕುಂತಂಗೈತೆ," ಎಂದಳು ಅವಳು.

ಹಿಂದಿನ ಸೀಟಿನಲ್ಲಿ ನಾನು, ಪಕ್ಕದ ಮನೆಯ ಪಟಾಲಮ್ಮ, ನಮ್ಮ ಹೂವಿನ ಬುಟ್ಟಿಗಳು. ಚಳಿಗಾಳಿ ಬಡಿದರೆ ಕಾಕಡ ಕಂದಿಹೋಗುತ್ತದೆ. ಆದ್ದರಿಂದ ಗಾಜುಗಳನ್ನೆಲ್ಲ ಏರಿಸಿ, ಸಂದಿಗೆ ಗೋಣಿತಾಟು ತುರುಕಿ ಕೂರುತ್ತಿದ್ದೆವು. ಲಕ್ಕಣ್ಣ ಮಾತ್ರ ತಿರುವಿನಲ್ಲಿ ಕೈ ತೋರಿಸಬೇಕಲ್ಲ, ತನ್ನ ಕಡೆಯ ಗಾಜನ್ನು ಒಂದಿಷ್ಟು ಇಳಿಸಿರುತ್ತಿದ್ದ.

ತಲೆನೋವು ಶುರುವಾದಾಗ ನಾವು ದೂರಿದ್ದು ಹೂವನ್ನು. "ಮುಚ್ಚಿದ ಗಾಡೀಲಿ ಇಷ್ಟು ಮಲ್ಲಿಗೆ, ಕಾಕಡ. ಗಂಧ ತಲೆಗೇರ್ತದೆ," ಎಂದಳು ಪಟಾಲಮ್ಮ. ನನಗೂ ಸರಿ ಎನಿಸಿತು. ಗಂಗರತ್ನಮ್ಮ ದಾರಿಯಲ್ಲಿ ವಾಂತಿ ಮಾಡಿಕೊಂಡರೆ ಬಸುರಿಯ ವಾಂತಿ ಎಂದು ಸಮಾಧಾನ ಮಾಡಿಕೊಂಡೆವು. ಲಕ್ಕಣ್ಣನಿಗೂ ತಲೆ ಭಾರವಾಗುತ್ತಿತ್ತು. ಕಾರಿಗೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ದೃಷ್ಟಿಯಾಗುವಂಥ ಚಂದ ಆ ಕಾರಿನಲ್ಲಿ ಏನೂ ಇರಲಿಲ್ಲ, ಅದು ಬೇರೆ ಮಾತು.

ಅದೇ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುವ ವಹಾಬ್ ಲಕ್ಕಣ್ಣನ ಗೆಳೆಯ. ಕೊಡಿಗೇಹಳ್ಳಿಯವನು. ಡ್ರೈವರ್ ಆಗುವ ಮೊದಲು ಯಶವಂತಪುರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತವನು. ಒಂದು ದಿನ ನಾವು ಮಾರ್ಕೆಟ್ಟಿನಲ್ಲಿ ಹೂವು ಇಳಿಸುವಾಗ, ಗಿರಾಕಿಯನ್ನು ಕರೆತಂದಿದ್ದ ಅವನು ನಮ್ಮ ಕಾರಿನೊಳಗೆ ಬಗ್ಗಿ ಏನೋ ಹುಡುಕುತ್ತಿದ್ದ.

"ಲಕ್ಕಣ್ಣ, ವೈರ್ ಪಕ್ಕ ಇಷ್ಟು ದೊಡ್ಡ ತೂತು ಬಿಟ್ಟಿದೀಯಲ್ಲ. ಮೊದಲು ಮುಚ್ಚಿಸು," ಎಂದ.

"ಒಂದು ತೂತಿಗೆ ಇಷ್ಟ್ಯಾಕೆ ಗಾಬರಿ ವಹಾಬು? ನಮ್ಮನೆ ಗೋಡೇಲೂ ಗವಾಕ್ಷಿ ಐತೆ."

"ನಿಮ್ಮನೆ ಗವಾಕ್ಷಿ ಆಚೆ ಆಕಾಶ ಇದೆ. ಇದರ ಆಚೆ ಇಂಜಿನ್ ಇದೆ. ಹೊಗೆ ಒಳಗೆ ಬರುತ್ತೆ ಕಣೋ."

"ಒಗೆ ಓಗೋಕೆ ಇಂದೆ ಸೈಲೆನ್ಸರ್ ಐತಲ್ಲ. ಒಗೆ ಬಂದ್ರೆ ಕಣ್ಣಿಗೆ ಕಾಣಲ್ವಾ? ಮೂಗಿಗೆ ವಾಸ್ನೆ ಬರಲ್ವಾ?"

"ಕೆಟ್ಟದ್ದು ಕಾಣಲ್ಲ, ವಾಸನೇನೂ ಇರಲ್ಲ. ಅದಕ್ಕೇ ಅದು ಕೆಟ್ಟದ್ದು."

"ಕಾಣದೇ ಇರೋದಕ್ಕೆ, ವಾಸ್ನೆ ಇಲ್ದೇ ಇರೋದಕ್ಕೆ ನಾನು ಯಾಕೆ ಎದರ್ಲಿ?" ಎಂದು ಲಕ್ಕಣ್ಣ ನಕ್ಕ. ನಾವೂ ನಕ್ಕೆವು. ವಹಾಬ್ ನಗಲಿಲ್ಲ. ಆದರೆ ಗಿರಾಕಿ ಕರೆದರು ಎಂದು ಹೊರಟುಹೋದ.

ಅದಾದ ಕೆಲವು ದಿನಕ್ಕೆ ದಟ್ಟವಾದ ಮಂಜು ಬಿತ್ತು. ಕಾಕಡ ಮೊಗ್ಗು ಸರಿಯಾಗಿ ಬಂದಿರಲಿಲ್ಲ, ಮಲ್ಲಿಗೆಯ ಕಾಲವೂ ಮುಗಿದಿತ್ತು. ಬರೀ ಕನಕಾಂಬರ ತುಂಬಿಕೊಂಡು ಹೊರಟೆವು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅವತ್ತು ಲಕ್ಕಣ್ಣನೂ ತನ್ನ ಗಾಜನ್ನು ಪೂರ್ತಿ ಏರಿಸಿಬಿಟ್ಟ. ಜಕ್ಕೂರು ದಾಟುವಾಗಲೇ ನನ್ನ ಹಣೆಯಲ್ಲಿ ಸುತ್ತಿಗೆ ಏಟು ಶುರುವಾಗಿತ್ತು.

ಹೆಬ್ಬಾಳದ ಹತ್ತಿರ ರೈಲು ಗೇಟು ಹಾಕಿತ್ತು. ಉದ್ದನೆಯ ಗೂಡ್ಸ್ ಗಾಡಿ ಬರುವುದಿತ್ತು. ಚಳಿಯಲ್ಲಿ ಒಮ್ಮೆ ಆಫ್ ಮಾಡಿದರೆ ಮತ್ತೆ ತಳ್ಳಿ ಸ್ಟಾರ್ಟ್ ಮಾಡಬೇಕು ಎಂದು ಲಕ್ಕಣ್ಣ ಇಂಜಿನ್ ಓಡುತ್ತಿರುವಂತೆಯೇ ಕಾರು ನಿಲ್ಲಿಸಿದ. ಗಾಜು ಮುಚ್ಚಿದ ಕಾರು, ನಿಂತ ಜಾಗದಲ್ಲೇ ಗುರ್ರೆನ್ನುವ ಇಂಜಿನ್. ನನಗೆ ನೆನಪಿರುವುದು ಇಷ್ಟು: ಪಟಾಲಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನಗೂ ಕಣ್ಣು ಎಳೆಯುತ್ತಿತ್ತು. ಗಂಗರತ್ನಮ್ಮನ ತಲೆ ಕಿಟಕಿಯ ಕಡೆ ವಾಲಿತ್ತು. ಮಗು ಹೊತ್ತವಳು, ಸುಸ್ತಾಗಿದ್ದಾಳೆ, ಮಲಗಲಿ ಎಂದುಕೊಂಡೆ.

ಗೂಡ್ಸ್ ಗಾಡಿ ಹೋದದ್ದು ನನಗೆ ಗೊತ್ತಾಗಲಿಲ್ಲ. ಗೇಟು ತೆಗೆದದ್ದೂ ಗೊತ್ತಾಗಲಿಲ್ಲ. ಹಿಂದಿನ ಗಾಡಿಗಳ ಹಾರನ್ನು ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು. ಆಮೇಲೆ ಬಾಗಿಲು ತೆಗೆದ ಸದ್ದು, ಮುಖಕ್ಕೆ ತಣ್ಣನೆಯ ಗಾಳಿ. ನಮ್ಮ ಹಿಂದೆಯೇ ನಿಂತಿದ್ದ ಕಾರು ವಹಾಬನದಂತೆ. ಗೇಟು ತೆಗೆದರೂ ನಾವು ಕದಲದಿದ್ದದ್ದು ನೋಡಿ ಬೈಯಲೆಂದು ಇಳಿದು ಬಂದವನು, ಗಾಜಿನಲ್ಲಿ ಇಣುಕಿ, ಬೈಗುಳವನ್ನು ನುಂಗಿಕೊಂಡು ಇಂಜಿನ್ ಆಫ್ ಮಾಡಿದ್ದ. ನಾಲ್ಕೂ ಬಾಗಿಲು ತೆಗೆದು ನಮ್ಮನ್ನು ಒಬ್ಬೊಬ್ಬರಾಗಿ ಆಚೆ ಎಳೆದ.

ಲಕ್ಕಣ್ಣ ರಸ್ತೆಯ ಬದಿಯಲ್ಲಿ ಕೂತು ವಾಂತಿ ಮಾಡಿದ. ಗಂಗರತ್ನಮ್ಮ ಮಾತ್ರ ಏಳಲಿಲ್ಲ. ನಾನು ಅವಳ ಕೆನ್ನೆ ತಟ್ಟಿದೆ, ಕೂಗಿದೆ. ನನ್ನ ಮಗಳು ಒಂದು ಹೂವಿನ ಮೂಟೆಯ ಹಾಗೆ ನನ್ನ ತೊಡೆಯ ಮೇಲೆ ಬಿದ್ದಿದ್ದಳು. ಅವತ್ತಿನ ಹೆದರಿಕೆ ನನ್ನ ಶತ್ರುವಿಗೂ ಬೇಡ.

"ಅಕ್ಕ, ಸುತ್ತ ನಿಂತ್ಕೋಬೇಡಿ ಅಂತ ಹೇಳಿ ಎಲ್ರಿಗೂ. ಗಾಳಿ ಬಿಡಿ," ಎಂದ ವಹಾಬ್. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು, "ಅಮ್ಮ, ತಲೆ," ಎಂದು ನರಳಿದಳು. ಅವನು ನಮ್ಮನ್ನು ತನ್ನ ಕಾರಿಗೆ ಹತ್ತಿಸಿಕೊಂಡು, ಗಾಜುಗಳನ್ನೆಲ್ಲ ಇಳಿಸಿ, ನೆಟ್ಟಗೆ ಆಸ್ಪತ್ರೆಗೆ ಹೊಡೆದ. ಅವನ ಗಿರಾಕಿ ಅಲ್ಲೇ ಇಳಿದು ಬಸ್ಸು ಹಿಡಿದರಂತೆ. ಆ ಪುಣ್ಯಾತ್ಮನ ಹೆಸರೂ ನಮಗೆ ಗೊತ್ತಿಲ್ಲ. ಅವರೂ ಚೆನ್ನಾಗಿರಲಿ.

ಆಸ್ಪತ್ರೆಯಲ್ಲಿ ಅವಳ ಮೂಗಿಗೆ ಆಮ್ಲಜನಕ ಇಟ್ಟರು. ಡಾಕ್ಟರಮ್ಮ ಕೊಳವೆಯೊಂದನ್ನು ಅವಳ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಅವರು ತಲೆಯೆತ್ತಿ, "ಮಗುವಿನ ಎದೆಬಡಿತ ಕೇಳಿಸ್ತಾ ಇದೆ. ಆದರೆ ಇವಳು ಇಲ್ಲೇ ಇರಬೇಕು, ನೋಡ್ಕೋಬೇಕು. ಯಾವ ಹೊಗೆ ಕುಡಿಸಿದ್ರಿ ಇವಳಿಗೆ?" ಎಂದರು. ನಾನು ಅತ್ತುಬಿಟ್ಟೆ.

ಇಷ್ಟಾದ ಮೇಲೂ ಲಕ್ಕಣ್ಣನಿಗೆ ನಂಬಿಕೆ ಬಂದಿರಲಿಲ್ಲ ಎಂದರೆ ನೀವು ನಂಬುತ್ತೀರಾ? ಆಸ್ಪತ್ರೆಯ ಜಗಲಿಯಲ್ಲಿ ಕೂತು ಅವನು ಅದನ್ನೇ ಹೇಳಿದ.

"ಒಗೆ ಎಲ್ಲಿತ್ತು ವಹಾಬು? ನಾನು ಒಂದು ಎಳೆ ಒಗೇನೂ ನೋಡ್ಲಿಲ್ಲ. ಹೂವಿನ ಗಂಧಾನೇ ಕಣೋ. ಬೆಳಗ್ಗೆ ಅವಳು ಏನೂ ತಿಂದಿರ್ಲಿಲ್ಲ ಬೇರೆ."

ಅಲ್ಲಿಯವರೆಗೆ ನಾನೂ ಹೂವಿನ ಕಡೆಯವಳೇ. ಆದರೆ ಆ ಮಾತು ಕೇಳುತ್ತಿದ್ದ ಹಾಗೆ ತಲೆಯಲ್ಲಿ ಏನೋ ಹೊಳೆಯಿತು.

"ಲಕ್ಕಣ್ಣ," ಎಂದೆ. "ಇವತ್ತು ನಾವು ತಂದಿದ್ದು ಏನು?"

"ಕನಕಾಂಬರ."

"ಕನಕಾಂಬರಕ್ಕೆ ಗಂಧ ಎಲ್ಲೈತೋ? ಮೂಗಿನೊಳಗೆ ತುರುಕ್ಕೊಂಡ್ರೂ ವಾಸ್ನೆ ಬರಲ್ಲ ಅದು. ಗಂಧ ಇಲ್ದಿರೋ ಹೂವು ತಂದ ದಿನಾನೇ ನಾವೆಲ್ಲ ಬಿದ್ವಲ್ಲ, ಅದೆಂಗೆ?"

ವಹಾಬ್ ನನ್ನ ಕಡೆ ನೋಡಿ, "ಅಕ್ಕ, ಈ ಮಾತು ನನಗೆ ಹೊಳೆದಿರ್ಲಿಲ್ಲ," ಎಂದ. ನಂತರ ಮೆಲ್ಲಗೆ ವಿವರಿಸಿದ.

"ಪೆಟ್ರೋಲು ಉರಿದಾಗ ಹೊಗೆ ಜೊತೆ ಒಂದು ವಿಷದ ಗಾಳಿ ಹುಟ್ಟುತ್ತೆ. ನಮ್ಮ ಉಸ್ತಾದ್ ಮೊದಲ ದಿನಾನೇ ಹೇಳ್ಕೊಟ್ಟಿದ್ರು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಹೋದ್ರೆ ರಕ್ತಕ್ಕೆ ಸೇರಿ, ಒಳ್ಳೆ ಗಾಳಿಗೆ ಜಾಗಾನೇ ಬಿಡಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ ಬಂದಂಗಾಗುತ್ತೆ. ನಿದ್ದೆ ಹೋದವರು ಏಳೋದೇ ಇಲ್ಲ. ಆಚೆ ಗಾಳಿಗೆ ಬಂದ್ರೆ ತಲೆನೋವು ಇಳಿಯುತ್ತೆ. ಅದಕ್ಕೇ ನಿಮಗೆ ಮಾರ್ಕೆಟ್ನಲ್ಲಿ ಇಳಿದ ಮೇಲೆ ಆರಾಮಾಗ್ತಿತ್ತು."

ಕಾಫಿಯವನ ಕೈಗುಣ ಅಲ್ಲಿಗೆ ಮುಗಿಯಿತು.

"ಎಲ್ಲರಿಗಿಂತ ಗಂಗಾಗೇ ಯಾಕೆ ಜಾಸ್ತಿ ಆಯ್ತು?" ಎಂದು ಕೇಳಿದ ಲಕ್ಕಣ್ಣ. ಅವನ ದನಿ ಸಣ್ಣದಾಗಿತ್ತು.

"ತೂತು ಇರೋದು ಅವಳ ಕಾಲ ಹತ್ರ," ಎಂದಷ್ಟೇ ಹೇಳಿದ ವಹಾಬ್.

ನನ್ನ ತಮ್ಮ ಅಳುವುದನ್ನು ನಾನು ನೋಡಿದ್ದು ಅವತ್ತೇ. ಪ್ರೀತಿಯಿಂದ, ಚಳಿಯಾಗದಿರಲಿ ಎಂದು ಆರಿಸಿ ಆರಿಸಿ ಕೂರಿಸಿದ ಜಾಗ ಅದು.

ಮಾರನೆಯ ದಿನ ಕಾರನ್ನು ಎಳೆಸಿಕೊಂಡು ಹೋಗಿ ವಹಾಬನ ಮನೆಯ ಮುಂದಿನ ಬಯಲಿನಲ್ಲಿ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಮಗಳ ಹತ್ತಿರ ಪಟಾಲಮ್ಮನನ್ನು ಕೂರಿಸಿ ನಾನೂ ಹೋದೆ. ಬಾಯಿ ಮಾತಿಗಿಂತ ಕಣ್ಣಾರೆ ನೋಡಲಿ ಎಂದು ವಹಾಬ್ ಕಾರಿನ ಬಾಗಿಲುಗಳನ್ನೆಲ್ಲ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿದ. ಒಂದು ಊದಿನಕಡ್ಡಿ ಹಚ್ಚಿ, ಗಂಗರತ್ನಮ್ಮ ಕಾಲಿಡುತ್ತಿದ್ದ ಜಾಗದಲ್ಲಿ ತೂತಿನ ಹತ್ತಿರ ಹಿಡಿದ. ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೇಳಬೇಕಲ್ಲವೇ? ಏಳಲಿಲ್ಲ. ಯಾರೋ ಆ ಕಡೆಯಿಂದ ಊದಿದ ಹಾಗೆ ಸೀಟಿನ ಕಡೆಗೆ ಅಡ್ಡಡ್ಡ ಹರಿಯಿತು.

"ಮುಂದೆ ಫ್ಯಾನ್ ತಿರುಗುತ್ತಲ್ಲ, ಅದು ಇಂಜಿನ್ ಗಾಳಿನೆಲ್ಲ ಹಿಂದಕ್ಕೆ ತಳ್ಳುತ್ತೆ. ದಾರಿ ಸಿಕ್ಕಿದ ಕಡೆ ನುಗ್ಗುತ್ತೆ," ಎಂದು ವಹಾಬ್ ಇಂಜಿನ್ ಆಫ್ ಮಾಡಿದ.

ಲಕ್ಕಣ್ಣ ಡಿಕ್ಕಿಯಿಂದ ಹಳೆಯ ಪಂಚೆಯ ತುಂಡು ತಂದು ತೂತಿಗೆ ತುರುಕಲು ಹೊರಟ. ವಹಾಬ್ ಅವನ ಕೈ ಹಿಡಿದ.

"ಬಟ್ಟೆ ತುರುಕ್ಬೇಡ. ಎಣ್ಣೆ ಹೀರ್ಕೊಳ್ಳುತ್ತೆ. ಇಲ್ಲಿ ನೋಡು." ವೈರಿನ ಕಟ್ಟನ್ನು ಸ್ವಲ್ಪ ಎಳೆದು ತೋರಿಸಿದ. ಉಳಿಯಿಂದ ಹೊಡೆದ ತಗಡಿನ ಅಂಚು ಕುಡುಗೋಲಿನ ಬಾಯಂತೆ ಹರಿತವಾಗಿತ್ತು. ಕಾರು ಅಲುಗಿ ಅಲುಗಿ ಅದು ವೈರಿನ ಹೊದಿಕೆಯನ್ನು ಕೊಯ್ದಿತ್ತು. ಒಳಗಿನ ತಾಮ್ರ ಫಳಫಳ ಎನ್ನುತ್ತಿತ್ತು. "ಈ ತಾಮ್ರ ತಗಡಿಗೆ ತಾಗಿ ಕಿಡಿ ಹಾರಿದ್ರೆ, ಎಣ್ಣೆ ಬಟ್ಟೆಗೆ ಬೆಂಕಿ ಹತ್ತುತ್ತೆ. ಹೊಗೆಯಿಂದ ತಪ್ಪಿಸ್ಕೊಂಡು ಬೆಂಕಿಗೆ ಬೀಳ್ತೀಯಾ?"

"ಮತ್ತೆ ಏನ್ ಮಾಡ್ಲಿ, ಹೇಳಪ್ಪ. ಇನ್ನು ನೀನು ಹೇಳಿದಂಗೆ," ಎಂದ ಲಕ್ಕಣ್ಣ.

ಆಮೇಲೆ ಇಬ್ಬರೂ ಕೂತು ಕೆಲಸ ಮಾಡಿದರು. ನಾನು ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ್ದೇನೆ, ಆದ್ದರಿಂದ ಹೇಳಬಲ್ಲೆ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ವೈರು ಬಿಚ್ಚಿದರು. ಹೊದಿಕೆ ಕಿತ್ತುಹೋಗಿದ್ದ ವೈರುಗಳನ್ನು ಬದಲಾಯಿಸಿ ಟೇಪು ಸುತ್ತಿದರು. ಅರದಿಂದ ಉಜ್ಜಿ ತೂತಿನ ಅಂಚನ್ನು ನುಣುಪು ಮಾಡಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದರು. ತೂತು ಅಗತ್ಯಕ್ಕಿಂತ ದೊಡ್ಡದಾಗಿತ್ತಲ್ಲ, ಅದರ ಮೇಲೆ ಒಂದು ತಗಡಿನ ತುಂಡು ಕೂರಿಸಿ ಸ್ಕ್ರೂ ಹಾಕಿದರು. ಆ ತಗಡಿನಲ್ಲಿ ವೈರಿಗೆ ಬೇಕಾದಷ್ಟೇ ತೂತು ಮಾಡಿ, ಅದಕ್ಕೆ ದಪ್ಪನೆಯ ರಬ್ಬರ್ ಉಂಗುರ ತೊಡಿಸಿ, ಅದರೊಳಗೆ ವೈರಿನ ಕಟ್ಟನ್ನು ತೂರಿಸಿದರು. ಈಗ ವೈರಿಗೆ ತಗಡು ತಾಗುವುದೇ ಇಲ್ಲ. ಉಳಿದ ಸಣ್ಣ ಸಂದುಗಳಿಗೆ ಮೋಟಾರು ಸಾಮಾನಿನ ಅಂಗಡಿಯಲ್ಲಿ ಸಿಗುವ, ಬಿಸಿ ತಡೆಯುವ ಕಪ್ಪು ಅಂಟನ್ನು ಎರಡೂ ಕಡೆಯಿಂದ ಮೆತ್ತಿದರು.

"ಕಿಟಕಿ ಗಾಜಿಗೆ ಮೆತ್ತೋ ಪುಟ್ಟಿ ಆಗಲ್ವಾ? ಮನೇಲಿ ಐತೆ," ಎಂದೆ ನಾನು.

"ಅದು ಒಣಗಿ ಉದುರಿಹೋಗುತ್ತೆ ಅಕ್ಕ. ಗಾಡಿ ಅಲುಗಾಡುತ್ತಲ್ಲ, ಇದು ಮೆತ್ತಗೇ ಇರಬೇಕು."

ಅಂಟು ಹಿಡಿದುಕೊಳ್ಳುವಷ್ಟರಲ್ಲಿ ವಹಾಬನ ಹೆಂಡತಿ ಶಹರ್ಬಾನು ನಮಗೆಲ್ಲ ಚಹಾ ತಂದುಕೊಟ್ಟಳು. ಬಳಿಕ ವಹಾಬ್ ಒಂದು ಟಾರ್ಚನ್ನು ಇಂಜಿನ್ ಕಡೆಯಿಂದ ಆ ಜಾಗಕ್ಕೆ ಹಿಡಿದು, "ಒಳಗೆ ಕೂತು ನೋಡು ಲಕ್ಕಣ್ಣ, ಎಲ್ಲಾದ್ರೂ ಬೆಳಕು ಕಾಣುತ್ತಾ?" ಎಂದ. ಕಾರಿನ ಮೇಲೆಲ್ಲ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ದರು. ಲಕ್ಕಣ್ಣ ಒಳಗಿನಿಂದ, "ವೈರ್ ಹತ್ರ ಇಲ್ಲ. ಬ್ರೇಕ್ ಪೆಡಲ್ ಹತ್ರ ಒಂದು ಚುಕ್ಕಿ ಕಾಣ್ತೈತೆ," ಎಂದ. ಅಲ್ಲಿಯೂ ಒಂದು ಹಳೆಯ ರಬ್ಬರ್ ಒಣಗಿ ಸೀಳಿತ್ತು. ಅದನ್ನೂ ಬದಲಾಯಿಸಿದರು.

ಕೆಲಸ ಮುಗಿಯಿತು ಎಂದು ನಾನು ಸೀರೆ ಕೊಡವಿಕೊಂಡು ಎದ್ದೆ. ವಹಾಬ್ ಬಿಡಲಿಲ್ಲ. "ಇನ್ನೊಂದಿದೆ ಅಕ್ಕ. ಗೋಡೆ ಮುಚ್ಚಿದ್ವಿ, ಸರಿ. ಆದ್ರೆ ಹೊಗೆ ಇಂಜಿನ್ ಹತ್ರಾನೇ ಸೋರ್ತಾ ಇದೆಯಲ್ಲ. ಅದು ಸೈಲೆನ್ಸರ್ನಲ್ಲಿ ಹಿಂದಕ್ಕೆ ಹೋಗ್ಬೇಕಿತ್ತು," ಎಂದು ಇಂಜಿನ್ನಿನ ಪಕ್ಕದ ಹೊಗೆಕೊಳವೆಯ ಜೋಡಣೆ ತೋರಿಸಿದ. ಅಲ್ಲಿ ಮಸಿ ಹಿಡಿದು ಕಪ್ಪಾಗಿತ್ತು. ಹೊಗೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಎಂಬ ಪಟ್ಟಿ ಸುಟ್ಟುಹೋಗಿತ್ತು. ಹೊಸದು ಹಾಕಿದ ಮೇಲೆಯೇ ಅವನು ಕೈ ತೊಳೆದದ್ದು.

ಗಂಗರತ್ನಮ್ಮ ಆಸ್ಪತ್ರೆಯಿಂದ ಬಂದಳು. ಹೆರಿಗೆಯಾಗುವವರೆಗೂ ನಮ್ಮ ಜೀವ ಕೈಯಲ್ಲೇ ಇತ್ತು. ಹೊಟ್ಟೆಯಲ್ಲಿದ್ದ ಕೂಸಿಗೆ ಏನಾಗಿದೆಯೋ ಎಂದು ಡಾಕ್ಟರಮ್ಮನೂ ಖಡಾಖಂಡಿತವಾಗಿ ಹೇಳುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ಹುಟ್ಟುತ್ತಲೇ ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ನನ್ನ ಬಾಯಿ ಬಂದಿದೆ ಎಂದರು ಎಲ್ಲರೂ. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

ನಾಮಕರಣದ ದಿನ ಲಕ್ಕಣ್ಣ ವಹಾಬನ ಕೈ ಹಿಡಿದುಕೊಂಡು, "ನಿನ್ನ ಋಣ ಎಂಗೆ ತೀರಿಸ್ಲಿ ಮಾರಾಯ? ಏನು ಬೇಕು ಕೇಳು," ಎಂದ.

ವಹಾಬ್ ತೊಟ್ಟಿಲಿನಲ್ಲಿದ್ದ ಮಗುವನ್ನು ನೋಡುತ್ತಾ, "ನಾನು ಅವತ್ತು ಮಾರ್ಕೆಟ್ನಲ್ಲಿ ಹೇಳ್ದೆ, ನೀನು ಕೇಳ್ಲಿಲ್ಲ," ಎಂದ. "ನೀನು ಕೇಳೋವರೆಗೂ ನಾನು ಹೇಳ್ಬೇಕಿತ್ತು. ಗಿರಾಕಿ ಬಂತು ಅಂತ ಹೋಗ್ಬಿಟ್ಟೆ. ಅದು ಇನ್ನೂ ಚುಚ್ಚುತ್ತೆ ನನಗೆ. ಏನಾದ್ರೂ ಮಾಡಬೇಕು ಅಂತಿದ್ರೆ, ಕಂಡ ಕಂಡ ಡ್ರೈವರ್‌ಗೆಲ್ಲ ಇದನ್ನ ಹೇಳು. ಅವರು ನಕ್ಕರೆ ನಿಂತ್ಕೊಂಡು ಇನ್ನೊಂದು ಸಲ ಹೇಳು."

ಲಕ್ಕಣ್ಣ ಆ ಮಾತನ್ನು ಶಿರಸಾವಹಿಸಿ ನಡೆಸುತ್ತಿದ್ದಾನೆ. ಈಗ ಯಲಹಂಕದಿಂದ ಬಾಗಲೂರಿನವರೆಗೆ ಅವನನ್ನು ಕಂಡರೆ ಡ್ರೈವರುಗಳು ಪಕ್ಕಕ್ಕೆ ಸರಿಯುತ್ತಾರೆ, ಎಲ್ಲಿ ಬಾನೆಟ್ ಎತ್ತಿಸುತ್ತಾನೋ ಎಂದು. ಆದರೂ ಎತ್ತಿಸಿಯೇ ಬಿಡುತ್ತಾನೆ. ಅಂಥ ತೂತುಗಳು ಎಷ್ಟೋ ಕಾರುಗಳಲ್ಲಿ ಸಿಕ್ಕಿವೆ, ಮುಚ್ಚಿಸಿದ್ದಾನೆ. ವಹಾಬ್, ನಿನಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ನಿನ್ನ ಮನೆ ತಣ್ಣಗಿರಲಿ.

ಈಗ ಓದುತ್ತಿರುವ ನಿಮಗೆ ನನ್ನದೊಂದು ಮಾತು. ನಿಮ್ಮಲ್ಲಿ ಕಾರೋ ಲಾರಿಯೋ ಇದ್ದರೆ, ಇವತ್ತೇ ಬಗ್ಗಿ ನೋಡಿ. ವೈರು ಹಾದುಹೋಗುವ ಜಾಗದಲ್ಲಿ ರಬ್ಬರ್ ಇದೆಯೇ, ಸಂದು ಮುಚ್ಚಿದೆಯೇ ಎಂದು ನೋಡಿ. ಹೊಸ ವೈರು ಎಳೆಸಿದರೆ, ತೂತು ಮುಚ್ಚುವವರೆಗೆ ರಿಪೇರಿಯವನನ್ನು ಮನೆಗೆ ಕಳಿಸಬೇಡಿ. ಹೊಗೆ ಸೋರುವ ಕಡೆ ಸರಿಮಾಡಿಸಿ. ನಿಂತ ಗಾಡಿಯಲ್ಲಿ ಇಂಜಿನ್ ಓಡಿಸಿಕೊಂಡು, ಗಾಜು ಮುಚ್ಚಿಕೊಂಡು ಕೂರಬೇಡಿ. ಗಾಡಿಯಲ್ಲಿ ಕೂತಾಗ ತಲೆನೋವು ಬಂದು, ಇಳಿದಾಗ ಹೋಗುತ್ತಿದ್ದರೆ, ಗಾಜು ಇಳಿಸಿ, ಗಾಡಿ ನಿಲ್ಲಿಸಿ, ಎಲ್ಲರೂ ಕೆಳಗಿಳಿಯಿರಿ. ಯಾರಿಗಾದರೂ ಮಂಪರು ಬಂದಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಗಾಡಿಯಲ್ಲಿ ಯಾವಾಗಲೂ ನಿಮ್ಮ ಪಕ್ಕದಲ್ಲಿ ಕೂರುವವರು ಯಾರು ಎಂದು ಒಮ್ಮೆ ನೆನೆಸಿಕೊಳ್ಳಿ. ನೆನೆಸಿಕೊಂಡಿರಾ? ಹಾಗಾದರೆ ಎದ್ದು ಹೋಗಿ ಬಾನೆಟ್ ಎತ್ತಿ.